ಹತ್ತೊಂಬತ್ತನೆಯ ಕಿಡಿ

ನಮ್ಮ ಓಣಿಯವರು ಯಾರಿಗೂ ಏನನ್ನೂ ಕೊಡುವುದಿಲ್ಲ, ಯಾರಿಂದಲೂ ಏನನ್ನೂ ತೆಗೆದುಕೊಳ್ಳುವುದಿಲ್ಲ. ಇದು ಜಿಪುಣತನವಲ್ಲ, ಸೊಕ್ಕೂ ಅಲ್ಲ, ನಮ್ಮ ಕೈ ಇರುವುದೇ ಹಾಗೆ. ಹೆಪ್ಪಿಗೆ ಮಜ್ಜಿಗೆ ಬೇಕಾದವರು ಊರೆಲ್ಲ ತಿರುಗುತ್ತಾರೆಯೇ ಹೊರತು ಹದಿನೆಂಟನೆಯ ಓಣಿಯ ಬಾಗಿಲು ತಟ್ಟುವುದಿಲ್ಲ. ಇಂಥ ಓಣಿಯಲ್ಲಿ ಕೂತುಕೊಂಡು ನಾನು ಒಬ್ಬ ಬಳೆಗಾರ್ತಿಯ ಉಪಕಾರ ನೆನೆಯುತ್ತೇನೆಂದರೆ ಅಕ್ಕಪಕ್ಕದವರಿಗೆ ನಗು ಬರುತ್ತದೆ. ನಗಲಿ. ಹೀಲಿಯಂ ಮನೆಯ ಅಜ್ಜನ ದನಿ ಮೊದಲೇ ಕೀಚಲು, ನಕ್ಕರೆ ಇನ್ನೂ ಕೀಚಲು, ಅಷ್ಟೇ. ನನ್ನ ಹೆಸರು ಸಾವಂತ್ರೆವ್ವ. ಈಗ ಇರುವುದು ಹದಿನೆಂಟನೆಯ ಮನೆಯಲ್ಲಿ, ಅಂದರೆ ಆರ್ಗಾನ್ ಮನೆಯಲ್ಲಿ. ಮೊದಲು ಇಲ್ಲಿರಲಿಲ್ಲ. ಇಲ್ಲಿಗೆ ಬಂದದ್ದು ಆ ಬಳೆಗಾರ್ತಿ ಫಕ್ಕೀರವ್ವನಿಂದ, ಬದುಕು ಹಗುರಾದದ್ದೂ ಅವಳಿಂದಲೇ.

ನಮ್ಮೂರು ನೋಡದವರಿಗೆ ಸ್ವಲ್ಪ ಹೇಳಬೇಕು. ಪಡುವಣದಿಂದ ಮೂಡಣಕ್ಕೆ ಏಳು ಬೀದಿ, ಅವನ್ನು ಅಡ್ಡ ಹಾಯುವ ಹದಿನೆಂಟು ಓಣಿ. ಮನೆಗಳ ಎಣಿಕೆ ಪಡುವಣದಿಂದ ಶುರುವಾಗಿ ಬೀದಿಯ ಮೂಡಣ ತುದಿ ಮುಟ್ಟಿದರೆ, ಮುಂದಿನ ಸಂಖ್ಯೆ ಮತ್ತೆ ಕೆಳಗಿನ ಬೀದಿಯ ಪಡುವಣ ತುದಿಗೆ ಬರುತ್ತದೆ. ಆದ್ದರಿಂದ ಹದಿನೆಂಟು, ಹತ್ತೊಂಬತ್ತು ಎಂದು ಬಾಯಲ್ಲಿ ಒಟ್ಟಿಗೆ ಅಂದರೂ ಹದಿನೆಂಟನೆಯ ಮನೆ ಮೂರನೆಯ ಬೀದಿಯ ಆ ತುದಿಗೆ, ಹತ್ತೊಂಬತ್ತನೆಯದು ನಾಲ್ಕನೆಯ ಬೀದಿಯ ಈ ತುದಿಗೆ. ಎಲೆಯಡಿಕೆ ಹಾಕಿಕೊಂಡು ಹೊರಟರೆ ನಡುದಾರಿಯಲ್ಲೇ ಬಾಯಿ ಖಾಲಿಯಾಗುವಷ್ಟು ದೂರ. ಮೊದಲನೆಯ ಬೀದಿಯಲ್ಲಿ ಇರುವುದು ಎರಡೇ ಮನೆ. ಮೂಡಣ ತುದಿಗೆ ಹೀಲಿಯಂ ಮನೆ, ಪಡುವಣ ತುದಿಗೆ ಜಲಜನಕದ ಮನೆ, ನಡುವೆ ಬರೀ ಬಯಲು. ಜಲಜನಕದ ಮನೆಗೆ ನನ್ನ ಕಾಲದಲ್ಲಿ ಬೀಗ ಹಾಕಿತ್ತು. ಒಂದನೆಯ ಮನೆಗೆ ತಕ್ಕಷ್ಟು ಹಗುರಾದವರು ಹುಟ್ಟಿಯೇ ಇಲ್ಲ ಎನ್ನುತ್ತಿದ್ದರು. ಆದರೂ ಅದರ ಅಂಗಳ ದಿನವೂ ಗುಡಿಸಬೇಕೆಂಬ ಕಟ್ಟಳೆ ಇತ್ತು. ಬರುವವರು ಯಾವತ್ತು ಬಂದರೂ ಕಸದ ಮೇಲೆ ಕಾಲಿಡಬಾರದಲ್ಲ.

ನಮ್ಮ ಸೀಮೆಯ ಮಕ್ಕಳು ಮುಷ್ಟಿಯಲ್ಲಿ ಒಂದು ಬೀಜ ಹಿಡಿದುಕೊಂಡೇ ಹುಟ್ಟುತ್ತಾರೆ. ಅದನ್ನು ದಾರ ಕಟ್ಟಿ ಮಣಿಕಟ್ಟಿಗೆ ಬಿಗಿಯುತ್ತಾರೆ. ಸಾಸಿವೆಗಿಂತ ಸಣ್ಣದು, ಆದರೆ ಮನುಷ್ಯನ ಭಾರವೆಲ್ಲ ಅದರಲ್ಲೇ. ಇಪ್ಪತ್ತು ತುಂಬಿದ ದಿನ ಬೀಜದಿಂದ ಕಿಡಿಗಳು ಎದ್ದು ಕೈಯ ಸುತ್ತ ತಿರುಗಲು ತೊಡಗುತ್ತವೆ. ಬೀಜಕ್ಕೆ ಹತ್ತಿರದ ಸುತ್ತಿನಲ್ಲಿ ಎರಡೇ ಕಿಡಿ, ಮೂರನೆಯದಕ್ಕೆ ಜಾಗವಿಲ್ಲ. ಆಚೆಯ ಸುತ್ತಿನಲ್ಲಿ ಎಂಟು. ಅದರಾಚೆ ಮತ್ತೆ ಎಂಟು ತುಂಬಿದರೆ ನಾಲ್ಕನೆಯ ಸುತ್ತು ಶುರು. ಇನ್ನೂ ಭಾರದವರ ಲೆಕ್ಕ ಬೇರೆ, ಅದು ನನಗೂ ಪೂರ್ತಿ ತಿಳಿಯದು. ಸುತ್ತಿಗೊಂದರಂತೆ ಗಾಜಿನ ಬಳೆ ಏರಿಸಿದರೆ ಕಿಡಿಗಳು ಗಾಜಿನೊಳಗೆ ಓಡುತ್ತವೆ, ಯಾರಿಗೂ ಚುಚ್ಚುವುದಿಲ್ಲ. ಗಂಡಸರಿಗೂ ಬಳೆ, ಹೆಂಗಸರಿಗೂ ಬಳೆ. ಕಿಡಿಗಳ ಓಟ ಎಷ್ಟು ಜೋರೆಂದರೆ ಬಳೆ ತುಂಬ ಬೆಳಕಷ್ಟೇ ಕಾಣುತ್ತದೆ. ಈಗ ಇಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಯಾರಿಂದಲೂ ಆಗದು. ಆದ್ದರಿಂದ ಅವನ್ನು ಎಣಿಸುವ ಮಾತೇ ಇರಲಿಲ್ಲ. ಎಣಿಸಲೂ ಬಾರದು, ಎಣಿಸಿದರೆ ದೃಷ್ಟಿ ತಾಗುತ್ತದೆ ಎಂದು ಹಿರಿಯರು ಹೆದರಿಸಿದ್ದರು.

ಮನೆ ಕೊಡುತ್ತಿದ್ದುದು ತೂಕದ ಮೇಲೆ. ಚಾವಡಿಯಲ್ಲಿ ಬಸಲಿಂಗಪ್ಪಜ್ಜನ ತಕ್ಕಡಿ ಇತ್ತು. ಇಪ್ಪತ್ತು ತುಂಬಿದವರ ಬೀಜವನ್ನು ಗುಂಜಿ ಇಟ್ಟು ತೂಗಿ, ಹಗುರಾದವರಿಗೆ ಮೊದಲಿನ ಮನೆ, ಭಾರದವರಿಗೆ ನಂತರದ ಮನೆ ಎಂದು ಹಂಚುತ್ತಿದ್ದ. ಈ ಪ್ರಕಾರ ಕೂರಿಸಿದರೆ ಒಂದು ಓಣಿಯವರೆಲ್ಲ ಒಂದೇ ಗುಣದವರಾಗಿ ಬರುತ್ತಾರೆಂಬುದು ನಮ್ಮೂರಿನ ಹೆಮ್ಮೆ. ಹೆಮ್ಮೆ ಪಡುವಂಥದ್ದೇ ಬಿಡಿ. ನೂರಕ್ಕೆ ತೊಂಬತ್ತೈದು ಸಲ ಸರಿಯಾಗಿಯೇ ಬರುತ್ತಿತ್ತು. ಉಳಿದ ಐದರಲ್ಲಿ ನಾನು ಸಿಕ್ಕಿಕೊಂಡೆ.

ಆ ವರ್ಷ ಖಾಲಿ ಇದ್ದದ್ದು ಎರಡು ಮನೆ, ಹದಿನೆಂಟು ಮತ್ತು ಹತ್ತೊಂಬತ್ತು. ಇಪ್ಪತ್ತು ತುಂಬಿದವರು ಇಬ್ಬರು, ನಾನು ಮತ್ತು ಕಾಶವ್ವ ಎಂಬ ಹುಡುಗಿ. ಅವಳು ತೂಗಿಸಿಕೊಳ್ಳುವ ಮೊದಲೇ ತನ್ನ ಡಬ್ಬಿಯ ಚಕ್ಕಲಿಯನ್ನೆಲ್ಲ ಚಾವಡಿಯಲ್ಲಿದ್ದವರಿಗೆ ಹಂಚಿ ಮುಗಿಸಿದ್ದಳು. ನಾನು ನನ್ನ ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ. ನೋಡುವ ಕಣ್ಣಿದ್ದರೆ ಅಷ್ಟೇ ಸಾಕಿತ್ತು.

“ಕಾಶವ್ವ, ಮೂವತ್ತೊಂಬತ್ತು ಗುಂಜಿ. ಸಾವಂತ್ರೆವ್ವ, ನಲವತ್ತು,” ಎಂದ ಬಸಲಿಂಗಪ್ಪಜ್ಜ. “ಹಗುರಾದಾಕಿ ಹದಿನೆಂಟಕ್ಕ ಹೋಗಲಿ, ಭಾರದಾಕಿ ಹತ್ತೊಂಬತ್ತಕ್ಕ.”

ಹೀಗೆ ಹಂಚುವ ಕಾಶವ್ವ ಯಾರಿಗೂ ಏನೂ ಬೇಡದ ಓಣಿಗೆ ಹೋದಳು. ನಾನು ಹೋದದ್ದು ಊರಿನಲ್ಲೇ ಅತಿ ಗದ್ದಲದ ಮೊದಲನೆಯ ಓಣಿಗೆ, ಪೊಟ್ಯಾಸಿಯಂ ಮನೆಗೆ. ಬಳೆ ಏರಿಸಿದವಳು ಊರಿನ ಹಳೆಯ ಬಳೆಗಾರ್ತಿ. ಪಾಪ, ಕಿವಿ ಪೂರಾ ಕೇಳುತ್ತಿರಲಿಲ್ಲ. ಮೂರನೆಯ ಬೀದಿಯವರಿಗೆ ಮೂರು, ನಾಲ್ಕನೆಯ ಬೀದಿಯವರಿಗೆ ನಾಲ್ಕು ಎಂದು ಬೀದಿ ನೋಡಿ ಬಳೆ ಏರಿಸಿ ಹೋದಳು. ನನ್ನ ನಾಲ್ಕನೆಯ ಬಳೆ ಅಂದು ಸಂಜೆಯೇ ಜಾರಿ ಬಿತ್ತು.

ಮೊದಲನೆಯ ಓಣಿಯವರ ಕೊನೆಯ ಸುತ್ತಿನಲ್ಲಿ ಒಂಟಿ ಕಿಡಿ ಇರುತ್ತದೆ. ಅದನ್ನು ಯಾರಿಗಾದರೂ ಕೊಟ್ಟುಬಿಡುವ ತನಕ ಅವರಿಗೆ ನೆಮ್ಮದಿಯಿಲ್ಲ. ಕಿಡಿ ಕೊಡಲು ಆಗದಿದ್ದ ದಿನ ರೊಟ್ಟಿ ಕೊಡುತ್ತಾರೆ, ಪಲ್ಯ ಕೊಡುತ್ತಾರೆ, ಬುದ್ಧಿಮಾತು ಕೊಡುತ್ತಾರೆ. ಪಕ್ಕದ ಸೋಡಿಯಂ ಮನೆಯ ದ್ಯಾಮವ್ವನಂತೂ, ತನ್ನ ಕಿಡಿ ಕೊಟ್ಟಾಗಿದ್ದರೂ ಚಾಳಿ ಬಿಡದೆ, ನಾನು ಬಾಗಿಲು ತೆರೆಯುವ ಮುಂಚೆ ಒಳಗಿರುತ್ತಿದ್ದಳು. ಅವರಿಗೆ ನೀರು ಆಗದು. ಒಂದು ಹನಿ ಬಿದ್ದರೆ ಒಂಟಿ ಕಿಡಿ ಭುಗ್ಗೆಂದು ಉರಿಯುತ್ತದೆ. ಆದ್ದರಿಂದ ಓಣಿಯವರೆಲ್ಲ ಎಣ್ಣೆಯಲ್ಲೇ ಮೈ ತೊಳೆದುಕೊಳ್ಳುವುದು, ಮೋಡ ಕಂಡರೆ ಒಳಗೆ ಓಡುವುದು. ನನಗೆ ನೀರು ಏನೂ ಮಾಡುತ್ತಿರಲಿಲ್ಲ. ಹಿತ್ತಲಲ್ಲಿ ಕದ್ದು ಒಂದು ಕೊಡ ನೀರು ಸುರಿದುಕೊಂಡು, ಮೇಲೆ ಘಮಕ್ಕೆಂದು ಎಣ್ಣೆ ಸವರಿಕೊಂಡು ಹೊರಗೆ ಬರುತ್ತಿದ್ದೆ. ಕಳ್ಳತನ ಎಂದರೆ ನನ್ನ ಬದುಕಿನಲ್ಲಿ ಅದೊಂದೇ. ಆ ಓಣಿಯಲ್ಲಿ ನನಗೆ ಇಷ್ಟವಾದ ಕೆಲಸವೂ ಒಂದೇ. ಬೆಳಗ್ಗೆ ಎದ್ದು ಮೇಲಿನ ತುದಿಗೆ ಹೋಗಿ ಜಲಜನಕದ ಮನೆಯ ಅಂಗಳ ಗುಡಿಸುವುದು. ಉಳಿದವರಿಗೆ ಅದು ಬೇಸರದ ಕೆಲಸ, ಅಲ್ಲಿ ಏನನ್ನಾದರೂ ಕೊಡೋಣವೆಂದರೆ ಯಾರೂ ಇಲ್ಲವಲ್ಲ. ನನಗೆ ಅದೇ ಸುಖ. ನಾಲ್ಕು ವರ್ಷ ಒಂದು ದಿನವೂ ತಪ್ಪಿಸಲಿಲ್ಲ.

ಎರಡನೆಯ ವರ್ಷ ದ್ಯಾಮವ್ವ ನನಗೊಂದು ಸಂಬಂಧ ಹುಡುಕಿದಳು. ಹದಿನೇಳನೆಯ ಓಣಿಯ ಕ್ಲೋರಿನ್ ಮನೆಯ ಈರಣ್ಣ. ಆ ಓಣಿಯವರದು ಮೊದಲನೆಯ ಓಣಿಗೆ ತದ್ವಿರುದ್ಧ, ಕೊನೆಯ ಸುತ್ತಿನಲ್ಲಿ ಏಳೇ ಕಿಡಿ, ಎಂಟಕ್ಕೆ ಒಂದು ಕಡಿಮೆ. ಆ ಒಂದಕ್ಕಾಗಿ ಸದಾ ಹಪಹಪಿ. ಕೊಡುವವಳೂ ಪಡೆಯುವವನೂ ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ ಕೂತರೆ ಕಿಡಿ ತಾನಾಗಿ ಹಾರಿ ಅವನ ಬಳೆ ಸೇರಬೇಕು, ಆಗ ಇಬ್ಬರೂ ತಣ್ಣಗಾಗಬೇಕು. ದ್ಯಾಮವ್ವ ಮತ್ತು ಕ್ಲೋರಿನ್ ಮನೆಯ ಹಿಂದಿನ ಯಜಮಾನ ಹೀಗೆ ಕೂತೇ ಊರಿಗೆಲ್ಲ ಉಪ್ಪು ಒದಗಿಸುವ ಸಂಸಾರ ಹೂಡಿದವರು. ನಾವೂ ಕೂತೆವು. ಹೋಳಿಗೆ ಆರಿತು, ಕಟ್ಟಿನ ಸಾರು ಆರಿತು, ನೆಂಟರು ಆಕಳಿಸಿದರು. ನನ್ನ ಕೈಯಿಂದ ಏನೂ ಹೋಗಲಿಲ್ಲ.

“ಕೈ ಸಡ್ಲ ಬಿಡವ್ವಾ ಸಾವಂತ್ರೀ,” ಎಂದು ದ್ಯಾಮವ್ವ ಕಿವಿಯಲ್ಲಿ ಗೊಣಗಿದಳು. “ಒಂದ ಕಿಡಿಗೆ ಹಿಂಗ್ಯಾಕ ಜೀವಾ ಬಿಡಾಕ ಹತ್ತೀ?”

“ಬಿಟ್ಟೀನಿ ಅತ್ತಿ. ಬರವಲ್ದು,” ಎಂದೆ. ನಿಜವಾಗಿ ಬಿಟ್ಟೇ ಇದ್ದೆ.

ಈರಣ್ಣ ಒಳ್ಳೆಯವನು. ಏಳುವಾಗ ನನಗಷ್ಟೇ ಕೇಳುವಂತೆ, “ನೀವು ಕೊಡಲಿಲ್ಲಂತ ಸಿಟ್ಟಿಲ್ರಿ ನನಗ. ನಿಮ್ಮ ಕಡೆ ಇದ್ದಂಗ ಕಾಣೂದಿಲ್ಲ,” ಎಂದ. ಊರು ಅಷ್ಟು ಒಳ್ಳೆಯದಲ್ಲ. ಅಂದಿನಿಂದ ನನಗೆ ಬಿಗಿಮುಷ್ಟಿ ಸಾವಂತ್ರಿ ಎಂಬ ಹೆಸರು ಬಂತು. ನೀರಿಗೆ ಹೋದರೆ ಅದೇ, ನೆರಳಿಗೆ ಕೂತರೆ ಅದೇ. ನಾನು ಒಳಗೊಳಗೆ ಅತ್ತೆ. ನಾನು ಕೆಟ್ಟವಳೇ ಇರಬೇಕು, ಇಲ್ಲದಿದ್ದರೆ ಕೊಡುವವರ ಓಣಿಯಲ್ಲಿದ್ದೂ ಕೊಡಲು ಮನಸ್ಸಾಗದೆ ಇರುತ್ತದೆಯೇ ಎಂದುಕೊಂಡೆ. ತಕ್ಕಡಿ ತಪ್ಪಿರಬಹುದು ಎಂಬುದು ಕನಸಿನಲ್ಲೂ ಹೊಳೆಯಲಿಲ್ಲ.

ಈರಣ್ಣನ ಮನೆಯವರು ಉಡಿಸಿದ್ದ ಸೀರೆ ಪೆಟ್ಟಿಗೆಯಲ್ಲೇ ಉಳಿದಿತ್ತು. ಅದನ್ನು ಹಿಂದಿರುಗಿಸಲು ಧೈರ್ಯ ಬರುವಷ್ಟರಲ್ಲಿ ಮತ್ತೆರಡು ವರ್ಷ ಕಳೆದವು. ಬೇಸಿಗೆಯ ಒಂದು ಮಧ್ಯಾಹ್ನ ಸೀರೆ ಕೊಟ್ಟು ಬರುವಾಗ ಪಕ್ಕದ ಓಣಿಯ ಆರ್ಗಾನ್ ಮನೆಯ ಕಟ್ಟೆಯ ಮೇಲೆ ಕಾಶವ್ವ ಕೂತಿದ್ದಳು. ಗುರುತು ಹಿಡಿಯಲು ಹೊತ್ತು ಹಿಡಿಯಿತು. ಎಡಗೈಗೆ ಮೊಳಕೈ ತನಕ ಬಾಳೆಲೆ ಸುತ್ತಿಕೊಂಡಿದ್ದಳು. ಎಲೆ ಸರಿದಲ್ಲಿ ಸುಟ್ಟ ಗಾಯ, ಹಳೆಯದರ ಮೇಲೆ ಹೊಸದು. ಮೂರು ಬಳೆಗಳ ಆಚೆ, ಬರೀ ಚರ್ಮದ ಮೇಲೆ, ಒಂದು ಕಿಡಿ ದಿಕ್ಕಿಲ್ಲದೆ ಓಡಾಡುತ್ತಿತ್ತು.

“ಇದೇನ ಕಾಶಿ?” ಎಂದೆ.

“ಹೆಚ್ಚಿನದು ಒಂದು ಹೊರಗ ಹರದಾಡತೈತಿ,” ಎಂದಳು. “ಓಣ್ಯಾಗ ಕೇಳಿದೆ. ನಮಗ ಹೆಚ್ಚಿಗಿ ಅನ್ನೂದ ಇರೂದಿಲ್ಲ, ನಿನಗ ಎಲ್ಲಿಂದ ಬಂತು, ಹುಚ್ಚಿ ಅಂದ್ರು. ಯಾರಿಗಾರ ಕೊಡ್ತೀನಂದ್ರ ಬಾಗಲಾ ಹಾಕ್ಕೋತಾರ. ನಾಲ್ಕ ವರ್ಷಾತು ಸಾವಂತ್ರಿ, ನಮ್ಮನಿ ಹೊಸ್ತಲಾ ಒಬ್ರೂ ದಾಟಿಲ್ಲ.”

ಹೇಳುತ್ತಿರುವಾಗಲೇ ಅಡ್ಡಮಳೆಯ ನಾಲ್ಕು ಹನಿ ಬಿದ್ದವು. ನನ್ನ ಮೇಲೂ ಬಿದ್ದವು, ನನಗೆ ತಂಪೆನಿಸಿತು. ಕಾಶವ್ವನ ಕೈಯಿಂದ ನೇರಳೆ ಬಣ್ಣದ ಉರಿ ಎದ್ದಿತು, ಬಾಳೆಲೆ ಹೊತ್ತಿಕೊಂಡಿತು. ಅವಳು ಅರಚಿದರೂ ಓಣಿಯಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ. ಅವಳನ್ನು ಒಳಗೆ ಎಳೆದುಕೊಂಡು ಹೋಗಿ, ದೀಪಕ್ಕೆಂದು ಇಟ್ಟಿದ್ದ ಎಣ್ಣೆಯ ಗಡಿಗೆಯಲ್ಲಿ ಕೈ ಅದ್ದಿಸಿದೆ. ಮೊದಲನೆಯ ಓಣಿಯಲ್ಲಿ ಹಾಲುಗೂಸಿಗೂ ಗೊತ್ತಿದ್ದ ಉಪಾಯ ಅವಳಿಗೆ ಯಾರೂ ಹೇಳಿರಲಿಲ್ಲ. ಉರಿ ಆರಿತು. ಅವಳು ನನ್ನ ಭುಜಕ್ಕೆ ತಲೆಯಿಟ್ಟು, “ಹಿಂದಿನ ಮಳಿಗಾಲಾ ಹೆಂಗೋ ಕಳದೆ, ಈ ಸಲದ್ದು ಬಂದ್ರ ನಾ ಉಳಿಯಾಕಿಲ್ಲ ಬಿಡು,” ಎಂದಳು. ಸುಳ್ಳು ಸಮಾಧಾನ ನನಗೆ ಹೇಳಲು ಬಾರದು. ಮಳೆಗಾಲಕ್ಕೆ ಇನ್ನು ಒಂದೂವರೆ ತಿಂಗಳಿತ್ತು, ಮನೆಗೆ ಬರುವ ದಾರಿಯುದ್ದಕ್ಕೂ ದಿನ ಎಣಿಸುತ್ತಾ ಬಂದೆ.

ಮಳೆಗಾಲದ ಮುಂಚೆ ಬಳೆ ಬದಲಿಸುವುದು ನಮ್ಮಲ್ಲಿ ಪದ್ಧತಿ. ಹಳೆಯ ಬಳೆಗಾರ್ತಿ ಚಳಿಗಾಲದಲ್ಲೇ ತೀರಿಕೊಂಡಿದ್ದಳು. ಆ ಸಲ ಬಳೆಗಳ ಮಲಾರದ ಗಂಟು ಹೆಗಲಿಗೇರಿಸಿ ಬಂದವಳು ಅವಳ ಸೊಸೆ ಫಕ್ಕೀರವ್ವ. ನಮ್ಮೂರಲ್ಲಿ ಹುಟ್ಟಿದವಳಲ್ಲ, ಎಲ್ಲಿಂದಲೋ ಮದುವೆಯಾಗಿ ಬಂದವಳು. ಬಳೆಗಾರರಿಗೆ ಓಣಿಯಿಲ್ಲ, ಅವರನ್ನು ತೂಗುವ ರೂಢಿಯೂ ಇರಲಿಲ್ಲ, ಊರ ಹೊರಗಿನ ಒಲೆಮನೆಯಲ್ಲೇ ಅವರ ವಾಸ. ತೆಳ್ಳನೆಯ ಹೆಂಗಸು, ನಡೆದರೆ ಧೂಳು ಏಳುತ್ತಿರಲಿಲ್ಲ. ಊರಿಗೆಲ್ಲ ಬಳೆ ಏರಿಸುವ ಅವಳ ಕೈಯಲ್ಲಿ ಬಳೆ ಇರಲಿಲ್ಲ, ಮಣಿಕಟ್ಟಿಗೆ ಒಂದು ಬಟ್ಟೆ ಸುತ್ತಿಕೊಂಡಿರುತ್ತಿದ್ದಳು. ತಮ್ಮ ಕೈಗೆ ತಾವೇ ಏರಿಸಿಕೊಳ್ಳಬಾರದೆಂಬುದು ಅವರ ಕಸುಬಿನ ಕಟ್ಟು.

ನನ್ನ ಹಳೆಯ ಬಳೆ ತೆಗೆದು ಮೊದಲನೆಯದನ್ನು ಏರಿಸಿದಳು. ತಣ್ಣನೆಯ ಹೊಸ ಗಾಜಿನೊಳಗೆ ಕಿಡಿ ಹೋಗುವಾಗ ಟಿಣ್ ಎಂದು ಸಣ್ಣ ಸದ್ದಾಗುತ್ತದೆ. ನಮಗೆ ಅದು ಕೇಳಿಸದು, ಬಳೆಗಾರರ ಕಿವಿಗೆ ಮಾತ್ರ ಗೊತ್ತು. ಕಿವಿಯನ್ನು ನನ್ನ ಕೈಗೆ ತಾಗಿಸುವಷ್ಟು ಬಗ್ಗಿ, ತುಟಿಯಲ್ಲೇ ಏನೋ ಅಂದುಕೊಳ್ಳುತ್ತಾ ಎರಡನೆಯದು, ಮೂರನೆಯದು ಏರಿಸಿದಳು. ನಾಲ್ಕನೆಯದನ್ನು ಏರಿಸಿ ಮತ್ತೆ ಮತ್ತೆ ಕಿವಿ ತಾಗಿಸಿದಳು. ಆಮೇಲೆ ನನ್ನ ಮುಖವನ್ನೇ ನೋಡಿದಳು.

“ಏನಾತವ್ವಾ?” ಎಂದೆ.

“ಏನಿಲ್ಲ,” ಎಂದು ಮಲಾರ ಎತ್ತಿಕೊಂಡಳು. ಬಾಗಿಲ ತನಕ ಹೋಗಿ ತಿರುಗಿ ಕೇಳಿದಳು: “ಈ ನಾಕನೇದು ನಿಲ್ತೈತೇನ ನಿನ್ನ ಕೈಯಾಗ?”

“ಒಂದಿನಾನೂ ನಿಂತಿಲ್ಲ.”

ನಾಲ್ಕು ದಿನ ಬಿಟ್ಟು ಮತ್ತೆ ಬಂದಳು. ಮಲಾರ ತಂದಿರಲಿಲ್ಲ. ನನ್ನ ಪಡಸಾಲೆಯಲ್ಲಿ ಕೂತು, ನೀರು ಕೇಳಿ ಕುಡಿದು, ಇರುವ ವಿಷಯ ಹೇಳಿದಳು. ಮೂರನೆಯ ಬೀದಿಯಲ್ಲಿ ಕಾಶವ್ವನಿಗೂ ಬಳೆ ಏರಿಸಿ ಬಂದಿದ್ದಾಳೆ. ಬೀದಿಯ ಲೆಕ್ಕಕ್ಕಿಂತ ಒಂದು ಹೆಚ್ಚು ಏರಿಸಿದರೂ ಗುಟ್ಟು ಬಯಲಾಗುತ್ತದೆಂದು ಮೂರೇ ಏರಿಸಿದ್ದಾಳೆ. ಯಾರ ಕೈಯಲ್ಲಿ ಎಷ್ಟು ಕಿಡಿ ಎಂದು ಬಳೆಗಾರರಿಗೆ ತಿಳಿಯುತ್ತದೆ, ಆದರೆ ಅದನ್ನು ಬಾಯಿ ಬಿಟ್ಟು ಹೇಳುವಂತಿಲ್ಲ. ಮದುವೆಯಾಗಿ ಬಂದ ದಿನ ಒಲೆಯ ಮೇಲೆ ಕೈಯಿಟ್ಟು ಆಣೆ ಮಾಡಿಸುತ್ತಾರೆ. ಹೇಳಿದ ಬಳೆಗಾರ್ತಿಗೆ ಊರಿನವರು ಕೈ ಚಾಚುವುದಿಲ್ಲ.

“ಕೈ ಚಾಚದಿದ್ರ ನಮಗ ಬ್ಯಾರೆ ಕಸಬಿಲ್ಲ,” ಎಂದಳು. “ಗಂಡಂದು ಒಲಿ ಕೆಲಸ, ಏರಸೂದು ನಾನ. ನಾಕ ದಿನಾತು, ಅನ್ನಾ ಸೇರಿಲ್ಲ. ನಿನ್ನ ಕೈ ಬಿಟ್ಟರ ನಡೀತೈತಿ, ಬಿಗಿಮುಷ್ಟಿ ಅನ್ನಿಸ್ಕೊಂಡ ಇರ್ತೀ. ಆ ಹುಡುಗಿ ಕೈ ಬಿಟ್ಟರ ಮಳಿಗೆ ಹೋಗಿಬಿಡ್ತಾಳ. ಎಷ್ಟ ಅಂತ ಗೊತ್ತಿದ್ದೂ ಸುಮ್ಮನಿದ್ದರ ನಾ ಯಾಕ ಕಿವಿ ಇಟ್ಕೊಂಡಿರಬೇಕು?”

ಅಷ್ಟು ಹೇಳಿ ಎದ್ದು ಸೆರಗು ಝಾಡಿಸಿ, “ನಾಳೆ ಚಾವಡಿಗೆ ಬಾ. ಆಕೀನ್ನೂ ಕರಕೊಂಡ ಬಾ. ಎಣ್ಣಿ ಗಡಿಗಿ ಸಂಗಾಟ ಇರಲಿ,” ಎಂದು ಹೊರಟುಹೋದಳು.

ಚಾವಡಿಯಲ್ಲಿ ಊರೇ ಸೇರಿತ್ತು. ಫಕ್ಕೀರವ್ವ ನಡುವೆ ನಿಂತು, ಈ ಇಬ್ಬರ ಮನೆ ಅದಲುಬದಲಾಗಿದೆ ಎಂದಳು. ಬಸಲಿಂಗಪ್ಪಜ್ಜನಿಗೆ ನಗು ಬಂತು, ಆಮೇಲೆ ಸಿಟ್ಟು ಬಂತು.

“ನಮ್ಮ ಮುತ್ತ್ಯಾನ ಕಾಲದ ತಕ್ಕಡಿ ಐತಿದು. ಸುಳ್ಳ ಹೇಳತೈತೇನ ಇದು?”

“ತಕ್ಕಡಿ ಸುಳ್ಳ ಹೇಳಿಲ್ರಿ ಅಜ್ಜಾರ. ಸಾವಂತ್ರಿ ಭಾರನ ಅದಾಳ,” ಎಂದಳು ಫಕ್ಕೀರವ್ವ. “ಸತ್ತವ್ರ ಬೀಜಾ ಮೂರನೇ ದಿನಕ್ಕ ಬಿರೀತೈತಿ. ಒಳಗ ಏನ ಇರತೈತಿ, ನೀವ ಹೇಳ್ರಿ.”

“ಕೆಂಪ ಕಾಳು, ಕರಿ ಕಾಳು.”

“ಎರಡರದೂ ಒಂದೊಂದ ಗುಂಜಿ ತೂಕ, ಹೌದಲ್ರಿ? ಆದ್ರ ಕಿಡಿ ಕೆಂಪ ಕಾಳ ಎಷ್ಟೋ ಅಷ್ಟ ಇರ್ತಾವ. ಮನಷ್ಯಾನ ಗುಣಾ ಕಿಡಿಯಿಂದ. ಕರಿ ಕಾಳು ಬರೇ ಭಾರ. ಇಕಿ ಬೀಜದಾಗ ಕರಿ ಕಾಳ ಹೆಚ್ಚ ಕುಂತಾವ, ಆಕಿದ್ರಾಗ ಕಡಿಮಿ. ನೀವು ಭಾರಾ ನೋಡಿ ಮನಿ ಕೊಟ್ಟೀರಿ.”

ಸಭೆ ಗುಸುಗುಸು ಎಂದಿತು. ಫಕ್ಕೀರವ್ವ ಕೈ ಎತ್ತಿ, ಉಸಿರು ಬಿಗಿಹಿಡಿದು ಕೇಳಿ ಎಂದಳು. ಅಂದು ಗಾಳಿಯೂ ಇರಲಿಲ್ಲ. ಒಲೆಯಿಂದ ಆಗತಾನೇ ತೆಗೆದು ಆರಿಸಿದ, ಸದ್ದು ಎಲ್ಲರಿಗೂ ಕೇಳುವಂತೆ ಕೂದಲಿನಷ್ಟು ತೆಳುವಾದ ಬಳೆಗಳನ್ನು ತಂದಿದ್ದಳು. ನನ್ನ ಕೈಗೆ ಏರಿಸುತ್ತಾ ಹೋದಂತೆ, ಹುಟ್ಟಿದ ಮೇಲೆ ಮೊದಲ ಸಲ ನನ್ನ ಕಿಡಿಗಳ ಸದ್ದು ನನಗೇ ಕೇಳಿಸಿತು. ಟಿಣ್, ಟಿಣ್. ಆಮೇಲೆ ಎಂಟು. ಆಮೇಲೆ ಎಂಟು. ನಾಲ್ಕನೆಯ ಬಳೆ ಮೂಕವಾಗಿ ಕೂತು, ಜಾರಿ, ನೆಲಕ್ಕೆ ಬಿದ್ದು ಒಡೆಯಿತು. “ಹದಿನೆಂಟು,” ಎಂದು ಫಕ್ಕೀರವ್ವ ಎಲ್ಲರಿಗೂ ಕೇಳುವಂತೆ ಹೇಳಿದಳು. ಕಾಶವ್ವನಿಗೂ ಮೂರು ಬಳೆಗಳಲ್ಲಿ ಹದಿನೆಂಟೇ. ಗಾಯದ ಮೇಲೆ ಮೆಲ್ಲಗೆ ನಾಲ್ಕನೆಯದನ್ನು ಏರಿಸಿದಳು. ಇಡೀ ಚಾವಡಿ ಕಾದಿತ್ತು. ಟಿಣ್ ಎಂದಿತು. ನಾಲ್ಕು ವರ್ಷ ಚರ್ಮ ಸುಟ್ಟ ಕಿಡಿ ಗಾಜಿನೊಳಗೆ ನೇರಳೆ ಬೆಳಕಾಗಿ ಓಡತೊಡಗಿತು. ಕಾಶವ್ವ ಕೈಯನ್ನು ಎದೆಗೊತ್ತಿಕೊಂಡು ಗೊಳೋ ಎಂದು ಅತ್ತಳು. ನಾನೂ ಅತ್ತೆ, ಅದನ್ನು ಮುಚ್ಚಿಡುವುದೇನು.

ಬಸಲಿಂಗಪ್ಪಜ್ಜ ತಕ್ಕಡಿಯನ್ನು ಪಕ್ಕಕ್ಕೆ ಸರಿಸಿದ. “ಗಂಧಕದ ಮನ್ಯಾಗ ಅವಳಿ ಜವಳಿ ಇದ್ರು. ಒಬ್ಬಾಂವ ಎರಡ ಗುಂಜಿ ಭಾರ, ಗುಣಾ ಇಬ್ರದೂ ಒಂದ. ಯಾಕ ಹಿಂಗ ಅಂತ ನಲವತ್ತ ವರ್ಷ ತಲಿ ಕೆಡಿಸ್ಕೊಂಡಿದ್ದೆ. ಈಗ ತಿಳೀತು ತಂಗಿ.” ಆಮೇಲೆ ನಮ್ಮಿಬ್ಬರ ಕಡೆ ತಿರುಗಿ ಕೈಮುಗಿದ. ಅಷ್ಟು ವಯಸ್ಸಿನವನು ಹಾಗೆ ಕೈಮುಗಿದದ್ದನ್ನು ನಾನು ಮರೆತಿಲ್ಲ.

ಮಾರನೆಯ ದಿನ ಇಬ್ಬರೂ ಗಂಟು ಕಟ್ಟಿಕೊಂಡು ಹೊರಟೆವು, ನಾನು ಪಡುವಣದಿಂದ, ಅವಳು ಮೂಡಣದಿಂದ. ನಾಲ್ಕನೆಯ ಬೀದಿಯ ನಡುವೆ, ಕಬ್ಬಿಣದ ಮನೆಯ ಮುಂದೆ ಎದುರಾದೆವು. ಅಷ್ಟರಲ್ಲಾಗಲೇ ಅವಳು ದಾರಿಯಲ್ಲಿ ಸಿಕ್ಕವರಿ​ಗೆ ತನ್ನ ಅರ್ಧ ಪಾತ್ರೆಗಳನ್ನು ಹಂಚಿಬಿಟ್ಟಿದ್ದಳು. ನನ್ನ ಗಂಟಿನಲ್ಲಿ ಒಂದು ಚಮಚವೂ ಕಡಿಮೆಯಾಗಿರಲಿಲ್ಲ. ಇಬ್ಬರೂ ಬೀದಿಯಲ್ಲೇ ಗಂಟು ಇಳಿಸಿ ನಕ್ಕೆವು. ಆರ್ಗಾನ್ ಮನೆಗೆ ಬಂದು ಬಾಗಿಲು ಹಾಕಿ, ಹಗಲು ಬೆಳಕಿನಲ್ಲಿ, ಕದಿಯದೆ, ತಲೆಯ ಮೇಲೆ ತಣ್ಣೀರು ಸುರಿದುಕೊಂಡೆ. ಅಂಥ ಸುಖ ಮತ್ತೆಂದೂ ಸಿಕ್ಕಿಲ್ಲ.

ಮಳೆಗಾಲಕ್ಕೆ ಮುಂಚೆ ಈರಣ್ಣನೂ ಕಾಶವ್ವನೂ ಮಣಿಕಟ್ಟು ತಾಗಿಸಿ ಕೂತರು. ಈ ಸಲ ಹೋಳಿಗೆ ಆರಲಿಲ್ಲ. ಕೂತದ್ದೇ ತಡ, ಕಿಡಿ ಹಾರಿತು. ಖಾಲಿಯಾದ ಬಳೆಯನ್ನು ಕಾಶವ್ವ ತೆಗೆದಿಟ್ಟಳು. ಈಗ ಅವಳ ಕೈಯಲ್ಲಿ ಮೂರೇ ಬಳೆ, ಎರಡು, ಎಂಟು, ಎಂಟು. ಈರಣ್ಣನದೂ ಎರಡು, ಎಂಟು, ಎಂಟು. ನನ್ನದೂ ಅಷ್ಟೇ. ಮೂವರೂ ಕೈ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಹೇಳಲಾಗದು, ಬೀಜದೊಳಗಿನ ಕೆಂಪು ಕಾಳು ಮಾತ್ರ ಬೇರೆ ಬೇರೆ. ನನಗೆ ಹುಟ್ಟಿನಿಂದ ಬಂದ ನೆಮ್ಮದಿ ಅವಳಿಗೆ ಕೊಟ್ಟದ್ದರಿಂದ ಬಂತು, ಅವನಿಗೆ ಪಡೆದದ್ದರಿಂದ. ಇದನ್ನು ಕಂಡ ಮೇಲೆ ಕೊಡುವವರನ್ನು ಕಂಡು ಮೂಗು ಮುರಿಯುವುದನ್ನು ಬಿಟ್ಟೆ. ಕಾಶವ್ವ, ಈರಣ್ಣರ ಸಂಸಾರದ ಉಪ್ಪು ಗೊಬ್ಬರವಾಗಿ ಬೀಳುವ ಹೊಲದಲ್ಲಿ ಬಾಳೆ ಎಷ್ಟು ಎತ್ತರ ಬೆಳೆಯುತ್ತದೆಂದರೆ ಗೊನೆ ಕೊಯ್ಯಲು ಏಣಿ ಬೇಕು.

ಎಲ್ಲರಿಗೂ ಒಳ್ಳೆಯದಾಯಿತು, ಫಕ್ಕೀರವ್ವನೊಬ್ಬಳನ್ನು ಬಿಟ್ಟು. ಅವಳು ಹೇಳಿದಂತೆಯೇ ಆಯಿತು. ಮುಂದಿನ ವರ್ಷ ಬಳೆ ಬದಲಿಸುವ ಕಾಲಕ್ಕೆ ಮಲಾರ ಹೊತ್ತು ಏಳೂ ಬೀದಿ ತಿರುಗಿದಳು. ಜನ ಅವಳ ಜಾಣ್ಮೆ ಹೊಗಳಿದರು, ಬೆಲ್ಲ ನೀರು ಕೊಟ್ಟರು, ಕೈ ಮಾತ್ರ ಸೆರಗಿನೊಳಗೆ ಇಟ್ಟುಕೊಂಡರು. ಒಡಕು ಬಳೆಗೇ ಎಣ್ಣೆಬಟ್ಟೆ ಸುತ್ತಿಕೊಂಡು ಇನ್ನೊಂದು ವರ್ಷ ನೂಕುತ್ತೇವೆ ಎಂದರು. ಕೊನೆಗೆ ಬಿಸಿಲಲ್ಲಿ ಬಾಡಿ ನಮ್ಮ ಓಣಿಗೆ ಬಂದಳು. ನಮ್ಮ ಓಣಿಯಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ. ನಾನು ಕರೆದೆ. ಕಟ್ಟೆಯ ಮೇಲೆ ಕೂರಿಸಿ, ಅವಳ ಮುಂದೆ ಕೈ ಚಾಚಿ, ಓಣಿಗೆ ಓಣಿಯೇ ಕೇಳುವಂತೆ ಕೂಗಿದೆ:

“ಹದಿನೆಂಟು! ನನ್ನ ಕೈಯಾಗ ಹದಿನೆಂಟ ಕಿಡಿ. ಯಾರ ದೃಷ್ಟಿ ಹಾಕ್ತೀರಿ ಹಾಕ್ರಿ, ನೋಡೂಣು!”

ನಮ್ಮ ಓಣಿಯವರಿಗೆ ಏನೂ ಅಂಟುವುದಿಲ್ಲ, ದೃಷ್ಟಿಯೂ ಅಷ್ಟೆ. ಹುಟ್ಟಾ ಮೌನಿಯಾದ ನಾನು ಕಿರುಚಿದ್ದಕ್ಕೇ ಜನ ಸೇರಿದರು. ಸುದ್ದಿ ತಲುಪಿ ಕಾಶವ್ವ, ಈರಣ್ಣ ಊರು ದಾಟಿ ಓಡಿ ಬಂದರು. “ನಂದು ಹತ್ತೊಂಬತ್ತು, ಒಂದ ಇವ್ರಿಗೆ ಕೊಟ್ಟೀನಿ,” ಎಂದಳು ಅವಳು. “ನಂದು ಹದಿನೇಳು, ಒಂದ ಇಕಿಂದು ಇಸಕೊಂಡೀನಿ,” ಎಂದ ಅವನು. ದ್ಯಾಮವ್ವ ಏದುಸಿರು ಬಿಡುತ್ತಾ ಬಂದು ಹನ್ನೊಂದು ಎಂದಳು. ಬಸಲಿಂಗಪ್ಪಜ್ಜ ತನ್ನ ಕೈಯನ್ನು ತಾನಾಗಿ ಮುಂದಿಟ್ಟಾಗ ಉಳಿದವರ ಹೆದರಿಕೆಯೂ ಸಡಿಲವಾಯಿತು. ಸಂಜೆಗೆ ಫಕ್ಕೀರವ್ವನ ಮಲಾರದಲ್ಲಿ ಒಂದೇ ಬಳೆ ಉಳಿದಿತ್ತು, ಯಾರ ಕೈಗೂ ಆಗದಷ್ಟು ಸಣ್ಣದು.

ನಾನು ಅವಳ ಕೈ ಹಿಡಿದೆ. “ಈಗ ನಿಂದು.”

“ನನಗ್ಯಾಕವ್ವಾ? ಬ್ಯಾಡ,” ಎಂದು ಎಳೆದುಕೊಂಡಳು. ಎಲ್ಲರ ಲೆಕ್ಕ ಕೇಳಿದವಳು, ತನ್ನದೆಂದರೆ ಕುಗ್ಗಿದಳು. “ಒಮ್ಮೆನೂ ಯಾರೂ ಏರಿಸಿಲ್ಲ. ಅತ್ತಿಗೆ ಕೇಳಸ್ತಿರಲಿಲ್ಲ. ಕಣ್ಣಿಗೂ ಬೀಳೂದಿಲ್ಲ, ಸುಡೂದೂ ಇಲ್ಲ, ನೀರ ಬಿದ್ರ ಉರಿಯೂದೂ ಇಲ್ಲ, ಏನೂ ಇರಲಿಕ್ಕಿಲ್ಲ ಅಂತ ಸುಮ್ಮನ ಬಟ್ಟಿ ಸುತಗೊಂಡೀನಿ.”

ಬಟ್ಟೆ ಬಿಚ್ಚಿದೆ. ದಾರದಲ್ಲಿ ಕಂಡೂ ಕಾಣದಂಥ ಬೀಜ, ಮುಟ್ಟಿದರೆ ಮುಟ್ಟಿದ್ದೇ ತಿಳಿಯದಷ್ಟು ಹಗುರ. ಕೂದಲಿನಷ್ಟು ತೆಳುವಾದ ಆ ಸಣ್ಣ ಬಳೆಯನ್ನು ಮೆಲ್ಲಗೆ ಏರಿಸಿದೆ. ಯಾರಿಗೂ ಏನನ್ನೂ ಕೊಟ್ಟು ಗೊತ್ತಿಲ್ಲದ ಕೈ ನನ್ನದು. ಟಿಣ್ ಎಂದಿತು. ಎರಡನೆಯದಕ್ಕೆಂದು ಎಲ್ಲರೂ ಕಾದೆವು. ಬರಲಿಲ್ಲ.

“ಒಂದು,” ಎಂದು ನಾನು ಗಟ್ಟಿಯಾಗಿ ಹೇಳಿದೆ.

ಬಸಲಿಂಗಪ್ಪಜ್ಜ ಎದ್ದು ಚಾವಡಿಗೆ ಹೋಗಿ, ತುಕ್ಕು ಹಿಡಿದ ಬೀಗದ ಕೈ ತಂದು ಅವಳ ಅಂಗೈಯಲ್ಲಿಟ್ಟ. ಮೊದಲನೆಯ ಬೀದಿಯ ಬಯಲನ್ನು ಅವಳ ಜೊತೆ ನಾವೆಲ್ಲ ದಾಟಿದೆವು. ಜಲಜನಕದ ಮನೆಯ ಬಾಗಿಲು ತೆರೆಯುವ ಮೊದಲು ಫಕ್ಕೀರವ್ವ ಅಂಗಳದಲ್ಲೇ ನಿಂತಳು. ಅಲ್ಲಿ ಒಂದು ಕಡ್ಡಿಯೂ ಬಿದ್ದಿರಲಿಲ್ಲ.

“ಯಾರೂ ಇಲ್ಲದ ಮನಿ ಅಂಗಳಾ ಇಷ್ಟ ಸ್ವಚ್ಛ ಯಾರ ಇಟ್ಟಾರ?” ಎಂದು ಕೇಳಿದಳು.

“ಈಗ ಕಾಶಿ ಗುಡಸ್ತಾಳ,” ಎಂದಳು ದ್ಯಾಮವ್ವ. “ಅದಕ್ಕ ಮೊದಲ ನಾಕ ವರ್ಷ ಈ ಬಿಗಿಮುಷ್ಟಿ ಸಾವಂತ್ರೀನ ಗುಡಿಸ್ಯಾಳ. ಒಂದಿನಾ ತಪ್ಪಿಸಿಲ್ಲ.”

ಫಕ್ಕೀರವ್ವ ನನ್ನ ಕಡೆ ನೋಡಿದಳು. ತಪ್ಪು ಓಣಿಯಲ್ಲಿ ನನ್ನ ನಾಲ್ಕು ವರ್ಷ ಹಾಳಾಯಿತೆಂದು ಅಂದಿನ ತನಕ ಕೊರಗುತ್ತಿದ್ದೆ. ಆಮೇಲೆ ಕೊರಗಿಲ್ಲ.